ಮನೋಚಿಕಿತ್ಸೆಯೂ ಆರೋಗ್ಯವಿಮೆಯೂ

ಕಾಲು ಮುರಿದವನನ್ನು ಆಸ್ಪತ್ರೆಗೆ ಹೊತ್ತೊಯ್ಯಲು ಯಾರೂ ಹಿಂಜರಿಯುವುದಿಲ್ಲ. ಮನಸ್ಸು ಕುಗ್ಗಿದವನಿಗಾದರೋ ‘ಧೈರ್ಯ ತಂದುಕೊ’ ಎಂಬ ಬುದ್ಧಿವಾದವೊಂದೇ ಬಹುಕಾಲ ದೊರೆಯುತ್ತಿದ್ದ ಔಷಧ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ; ಅದಕ್ಕೂ ಕಾರಣಗಳುಂಟು, ಲಕ್ಷಣಗಳುಂಟು, ಚಿಕಿತ್ಸೆಯುಂಟು ಎಂಬುದನ್ನು ಇಂದು ವೈದ್ಯವಿಜ್ಞಾನ ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಶೇಕಡ 10.6 ಮಂದಿ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದರು. ಕಾಯಿಲೆಯ ಬಗೆಯನ್ನನುಸರಿಸಿ ಇಂಥವರಲ್ಲಿ ಶೇಕಡ 70ರಿಂದ 92 ಮಂದಿಗೆ ತಕ್ಕ ಚಿಕಿತ್ಸೆ ದೊರೆತಿರಲಿಲ್ಲ.

ಚಿಕಿತ್ಸೆ ದೊರೆಯದಿರುವುದಕ್ಕೆ ಲಜ್ಜೆ, ಅಜ್ಞಾನ, ತಜ್ಞರ ಕೊರತೆ ಎಂಬ ಮೂರು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ನಾಲ್ಕನೆಯ ಕಾರಣ ಹಣ. ವೈದ್ಯರು ಬರೆದುಕೊಟ್ಟ ಮನೋಚಿಕಿತ್ಸೆಯ ವೆಚ್ಚವನ್ನು ಯಾರು ಭರಿಸಬೇಕು? ಆರೋಗ್ಯವಿಮೆ ಅದನ್ನು ಎಷ್ಟರಮಟ್ಟಿಗೆ ಭರಿಸುತ್ತದೆ? ಎಲ್ಲಿ ಕೈಬಿಡುತ್ತದೆ, ಏಕೆ? ಈ ಪ್ರಶ್ನೆಗಳನ್ನು ನಾವು ಇಲ್ಲಿ ಕ್ರಮವಾಗಿ ಪರಿಶೀಲಿಸೋಣ.

ಚೀಟಿಯ ಎರಡು ಸಾಲುಗಳು

ಸಂಡೂರಿನ ಕಾಲೇಜೊಂದರಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಆಕೆಯ ತಂದೆ ಅದಿರು ಸಾಗಿಸುವ ಲಾರಿಯ ಚಾಲಕ. ಎರಡು ತಿಂಗಳಿಂದ ಆಕೆಗೆ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ತೆರೆದ ಪುಸ್ತಕದ ಒಂದು ಪುಟವೂ ತಲೆಗೆ ಹತ್ತುವುದಿಲ್ಲ. ತಾನು ಯಾವುದಕ್ಕೂ ಪ್ರಯೋಜನವಿಲ್ಲದವಳೆಂಬ ಭಾವನೆ ಬಲವಾಗಿ ಬೇರೂರಿದೆ. ಬಳ್ಳಾರಿಯ ಮನೋವೈದ್ಯರು ಪರೀಕ್ಷಿಸಿ ಇದು ಖಿನ್ನತೆಯೆಂದು ನಿರ್ಣಯಿಸಿ, ಚೀಟಿಯಲ್ಲಿ ಎರಡು ಸಾಲು ಬರೆಯುತ್ತಾರೆ. ಮೊದಲನೆಯದು ಒಂದು ಮಾತ್ರೆಯ ಹೆಸರು. ಎರಡನೆಯದು, ‘ಮನೋಚಿಕಿತ್ಸೆ, ವಾರಕ್ಕೊಮ್ಮೆಯಂತೆ ಹನ್ನೆರಡು ಭೇಟಿ.’

ಮೊದಲನೆಯ ಸಾಲು ಎಲ್ಲರಿಗೂ ಅರ್ಥವಾಗುವಂಥದು. ಎರಡನೆಯದನ್ನು ಕಂಡು ‘ಮಾತಾಡುವುದಕ್ಕೂ ದುಡ್ಡೆ?’ ಎಂದು ತಂದೆ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಮನೋಚಿಕಿತ್ಸೆಯೆಂದರೆ ಹರಟೆಯಲ್ಲ, ಬುದ್ಧಿವಾದವೂ ಅಲ್ಲ. ಅದು ತರಬೇತಿ ಪಡೆದ ಚಿಕಿತ್ಸಕನು ಗೊತ್ತಾದ ಕ್ರಮದಲ್ಲಿ ನಡೆಸುವ ಚಿಕಿತ್ಸೆ. ಉದಾಹರಣೆಗೆ, ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ರೋಗಿಯು ತನ್ನ ಮನಸ್ಸಿಗೆ ತಾನಾಗಿ ಬರುವ ನಿರಾಶೆಯ ಆಲೋಚನೆಗಳನ್ನು ಗುರುತಿಸಿ ಬರೆದಿಡಲು ಕಲಿಯುತ್ತಾನೆ. ಅವು ಎಷ್ಟು ನಿಜವೆಂದು ಪ್ರಮಾಣಗಳೊಡನೆ ತೂಗಿನೋಡುತ್ತಾನೆ. ಬಿಟ್ಟುಬಿಟ್ಟ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಕೈಗೊಳ್ಳುತ್ತಾನೆ. ಪ್ರಯೋಗಶಾಲೆಯಲ್ಲಿ ಊಹೆಯೊಂದನ್ನು ಪರೀಕ್ಷೆಗೆ ಒಡ್ಡುವ ಕ್ರಮಕ್ಕೂ ಇದಕ್ಕೂ ಹೋಲಿಕೆಯುಂಟು. ಇದಕ್ಕೆ ಹಾಸಿಗೆ ಬೇಡ, ಯಂತ್ರ ಬೇಡ. ಬೇಕಾದುದು ಕಲಿತ ಚಿಕಿತ್ಸಕ, ಒಂದು ಮೌನವಾದ ಕೊಠಡಿ, ವಾರಕ್ಕೆ ಸುಮಾರು ಒಂದು ಗಂಟೆ. ಹಾಸಿಗೆ ಬೇಡವೆಂಬ ಈ ಅಂಶವನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಮುಂದಿನ ತೊಡಕೆಲ್ಲ ಇದರಿಂದಲೇ ಹುಟ್ಟುತ್ತದೆ.

ವಿಮೆಯ ಮೂಲತತ್ವ

ಪಾತ್ರೆಯೊಂದರಲ್ಲಿ ತುಂಬಿದ ಅನಿಲದ ಒಂದು ಅಣು ಮುಂದಿನ ಕ್ಷಣ ಎತ್ತ ಹಾರುವುದೆಂದು ಹೇಳುವುದು ಅಸಾಧ್ಯ. ಆದರೂ ಕೋಟ್ಯನುಕೋಟಿ ಅಣುಗಳು ಸೇರಿ ಪಾತ್ರೆಯ ಗೋಡೆಯ ಮೇಲೆ ಉಂಟುಮಾಡುವ ಒತ್ತಡವನ್ನು ನಿಖರವಾಗಿ ಹೇಳಬಹುದು. ವಿಮೆಯೂ ಇಂಥದೇ. ಯಾರ ಮನೆಗೆ ಕಾಯಿಲೆ ಬರುವುದೆಂಬುದು ತಿಳಿಯದು. ಸಾವಿರ ಮನೆಗಳಲ್ಲಿ ಎಷ್ಟು ಮನೆಗಳಿಗೆ ಬರುವುದೆಂಬುದನ್ನು ಅನುಭವದಿಂದ ಅಂದಾಜು ಮಾಡಬಹುದು.

ಸಾವಿರ ಕುಟುಂಬಗಳಿವೆಯೆಂದೂ, ವರ್ಷಕ್ಕೆ 20 ಕುಟುಂಬಗಳಲ್ಲಿ ಒಬ್ಬರು ಆಸ್ಪತ್ರೆ ಸೇರುವರೆಂದೂ, ಪ್ರತಿಯೊಬ್ಬರಿಗೂ 50,000 ರೂಪಾಯಿ ವೆಚ್ಚವಾಗುವುದೆಂದೂ ಭಾವಿಸೋಣ. ಒಟ್ಟು ವೆಚ್ಚ 10 ಲಕ್ಷ ರೂಪಾಯಿ. ಸಾವಿರ ಕುಟುಂಬಗಳೂ ಹಂಚಿಕೊಂಡರೆ ತಲಾ 1,000 ರೂಪಾಯಿ. ಒಂದು ಮನೆಯನ್ನು ಮುಳುಗಿಸಬಹುದಾಗಿದ್ದ 50,000ದ ಹೊರೆ ಪ್ರತಿ ಮನೆಗೆ ಸಾವಿರದ ಕಂತಾಗಿ ಹಗುರವಾಯಿತು. ಇದಕ್ಕೆ ಆಡಳಿತದ ವೆಚ್ಚ, ಲಾಭ ಇವನ್ನು ಸೇರಿಸಿದರೆ ವಿಮಾಕಂತು ಸಿದ್ಧವಾಗುತ್ತದೆ.

ಆದರೆ 20 ಎಂಬುದು ಸರಾಸರಿ. ಒಂದು ವರ್ಷ 16 ಆಗಬಹುದು, ಇನ್ನೊಂದು ವರ್ಷ 25 ಆಗಬಹುದು. ಇಂಥ ಏರಿಳಿತದ ಪ್ರಮಾಣವು ಸುಮಾರಾಗಿ ಆ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 20ರ ವರ್ಗಮೂಲ ಸುಮಾರು 4.5, ಎಂದರೆ ಶೇಕಡ 22ರಷ್ಟು ಏರಿಳಿತ. ಕುಟುಂಬಗಳ ಸಂಖ್ಯೆ ಒಂದು ಲಕ್ಷವಾದರೆ ಆಸ್ಪತ್ರೆ ಸೇರುವವರು 2,000. ಅದರ ವರ್ಗಮೂಲ ಸುಮಾರು 45. ಏರಿಳಿತ ಶೇಕಡ 2.2 ಮಾತ್ರ. ಗುಂಪು ದೊಡ್ಡದಾದಷ್ಟೂ ಲೆಕ್ಕ ಸ್ಥಿರವಾಗುತ್ತದೆ. ಯಾಕೋಬ್ ಬರ್ನೂಲಿಯು ಈ ನಿಯಮದ ಗಣಿತವನ್ನು ಸಾಧಿಸಿ ತೋರಿಸಿದ ಗ್ರಂಥ 1713ರಲ್ಲಿ ಪ್ರಕಟವಾಯಿತು. ಇಂದಿನ ವಿಮಾ ವ್ಯವಹಾರವೆಲ್ಲ ಇದರ ಮೇಲೆ ನಿಂತಿದೆ.

ಕಾನೂನು ತಂದ ಸಮಾನತೆ

ನಮ್ಮ ದೇಶದ ಆರೋಗ್ಯವಿಮಾ ಪಾಲಿಸಿಗಳಲ್ಲಿ ಬಹುಪಾಲು, ಕೆಲವೇ ವರ್ಷಗಳ ಹಿಂದಿನವರೆಗೂ ಮಾನಸಿಕ ಕಾಯಿಲೆಗಳನ್ನು ಒಂದೇ ವಾಕ್ಯದಲ್ಲಿ ಹೊರಗಿಡುತ್ತಿದ್ದವು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಈ ಪದ್ಧತಿಯನ್ನು ತಡೆಯಿತು. ಪ್ರತಿಯೊಬ್ಬ ವಿಮೆಗಾರನೂ ದೈಹಿಕ ಕಾಯಿಲೆಯ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವಿಮೆ ಒದಗಿಸುವನೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಒದಗಿಸಬೇಕೆಂಬುದು ಇದರ 21ನೆಯ ಪ್ರಕರಣದ 4ನೆಯ ಉಪಪ್ರಕರಣದ ತಾತ್ಪರ್ಯ. ಅಧಿನಿಯಮವು 2018ರ ಮೇ 29ರಂದು ಜಾರಿಗೆ ಬಂದಿತು. ಅದೇ ಆಗಸ್ಟಿನಲ್ಲಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಇದನ್ನು ಪಾಲಿಸುವಂತೆ ಸುತ್ತೋಲೆ ಕಳುಹಿಸಿತು.

ಸುತ್ತೋಲೆ ಹೊರಟ ಮಾತ್ರಕ್ಕೆ ಆಚರಣೆ ಬದಲಾಗಲಿಲ್ಲ. ತೀವ್ರವಾದ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದ ಪಾಲಿಸಿದಾರರೊಬ್ಬರಿಗೆ ಕಂಪನಿಯು ಹಣ ನಿರಾಕರಿಸಿದಾಗ ಮೊಕದ್ದಮೆ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಏಪ್ರಿಲಿನಲ್ಲಿ ನ್ಯಾಯಾಲಯವು, ಅಧಿನಿಯಮ ಜಾರಿಗೆ ಬಂದ ದಿನದಿಂದಲೇ ವಿಮಾ ಕಂಪನಿಗಳು ಅದಕ್ಕೆ ಬದ್ಧವೆಂದು ತೀರ್ಪಿತ್ತಿತು. ಕೊನೆಗೆ 2022ರ ಅಕ್ಟೋಬರಿನಲ್ಲಿ ಪ್ರಾಧಿಕಾರವು, ಆ ತಿಂಗಳ 31ರೊಳಗೆ ಎಲ್ಲ ಆರೋಗ್ಯವಿಮಾ ಪಾಲಿಸಿಗಳೂ ಮಾನಸಿಕ ಕಾಯಿಲೆಯನ್ನು ಒಳಗೊಂಡಿರಬೇಕೆಂದು ಗಡುವು ವಿಧಿಸಿತು.

ಹಾಸಿಗೆಯೆಂಬ ಬಾಗಿಲು

ಹಾಗಾದರೆ ನಮ್ಮ ವಿದ್ಯಾರ್ಥಿನಿಯ ಹನ್ನೆರಡು ಭೇಟಿಗಳಿಗೆ ಹಣ ದೊರೆಯಿತೆ? ಬಹುಮಟ್ಟಿಗೆ ಇಲ್ಲ. ಕಾನೂನಿನಲ್ಲಿರುವ ‘ಅದೇ ಆಧಾರದ ಮೇಲೆ’ ಎಂಬ ಮಾತನ್ನು ಮತ್ತೊಮ್ಮೆ ಗಮನಿಸಬೇಕು. ನಮ್ಮಲ್ಲಿ ಸಾಮಾನ್ಯ ಆರೋಗ್ಯವಿಮೆಯು ದೈಹಿಕ ಕಾಯಿಲೆಗೆ ಹಣ ಕೊಡುವುದು ರೋಗಿಯು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದಾಗ. ಅದೂ ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಇದ್ದಾಗ. ಡಯಾಲಿಸಿಸ್, ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿಯುಂಟು. ಜ್ವರವೆಂದು ವೈದ್ಯರನ್ನು ಕಂಡು ಮನೆಗೆ ಮರಳಿದವನಿಗೆ ಇಂಥ ಪಾಲಿಸಿಯಿಂದ ಏನೂ ದೊರೆಯದು. ಅದೇ ಆಧಾರದ ಮೇಲೆ, ಚಿಕಿತ್ಸಕನೊಡನೆ ಒಂದು ಗಂಟೆ ಕಳೆದು ಮನೆಗೆ ಮರಳಿದವಳಿಗೂ ಏನೂ ದೊರೆಯದು. ಸಮಾನತೆ ಬಂದಿದೆ, ನಿಜ. ಆದರೆ ಇಬ್ಬರಿಗೂ ತೆರೆದಿರುವುದು ಹಾಸಿಗೆಯೆಂಬ ಒಂದೇ ಬಾಗಿಲು. ಮೂಳೆ ಮುರಿದವನು ಆ ಬಾಗಿಲಿನಿಂದ ಸಲೀಸಾಗಿ ಒಳಹೋಗಬಲ್ಲ. ಮನೋಚಿಕಿತ್ಸೆಯು ಸ್ವಭಾವತಃ ಹೊರಬಾಗಿಲಿನ ಚಿಕಿತ್ಸೆ.

ಕಾಯಿಲೆ ಉಲ್ಬಣಿಸಿ ಆಕೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತೆನ್ನೋಣ. ಆಗ ಹಾಸಿಗೆ, ವೈದ್ಯರು, ಔಷಧಗಳ ವೆಚ್ಚದೊಡನೆ, ದಾಖಲಾಗುವ ಮುಂಚಿನ ಮತ್ತು ಬಿಡುಗಡೆಯ ನಂತರದ ಕೆಲವು ದಿನಗಳ ಸಂಬಂಧಪಟ್ಟ ವೆಚ್ಚವೂ ಸೇರುತ್ತದೆ. ಅನೇಕ ಪಾಲಿಸಿಗಳಲ್ಲಿ ಇದು ಕ್ರಮವಾಗಿ 30 ಮತ್ತು 60 ದಿನ. ಬಿಡುಗಡೆಯ ಚೀಟಿಯಲ್ಲಿ ವಾರಕ್ಕೊಮ್ಮೆ ಮನೋಚಿಕಿತ್ಸೆಯೆಂದು ಬರೆದಿದ್ದರೆ, 60 ದಿನಗಳಲ್ಲಿ ಬೀಳುವ ಎಂಟು ಭೇಟಿಗಳ ರಸೀದಿಗಳನ್ನು ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು ಸಲ್ಲಿಸಬಹುದು. ಉಳಿದ ನಾಲ್ಕು ಕೈಯಿಂದಲೇ. ಎಂದರೆ, ಕಾಯಿಲೆ ಮಿತಿಮೀರಿದವರಿಗೆ ಎಂಟು ಭೇಟಿ. ಮಿತಿಮೀರುವ ಮುಂಚೆಯೇ ಚಿಕಿತ್ಸೆಗೆ ಬಂದವರಿಗೆ ಸೊನ್ನೆ. ದೀರ್ಘಕಾಲ ಆಸ್ಪತ್ರೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕು, ಚಿಕಿತ್ಸೆಯು ಮನೆಮಂದಿಯ ನಡುವೆ ಬಾಳಲು ನೆರವಾಗಬೇಕು ಎಂದು ಅದೇ ಅಧಿನಿಯಮ ಹೇಳುತ್ತಿರುವಾಗ, ವಿಮೆಯ ಹಣ ಮಾತ್ರ ಹಾಸಿಗೆಯ ಕಡೆಗೇ ಹರಿಯುವುದು ವಿಪರ್ಯಾಸ.

ಹೊರರೋಗಿ ವಿಮೆ ದುಬಾರಿಯೇಕೆ?

ಹೊರರೋಗಿ ಚಿಕಿತ್ಸೆಗೆ ಪ್ರತ್ಯೇಕವಾಗಿ ಹೆಚ್ಚು ಕಂತು ಪಡೆದು ರಕ್ಷಣೆ ಕೊಡುವ ಪಾಲಿಸಿಗಳೂ ಇವೆ. ಕೆಲವು ದೊಡ್ಡ ಸಂಸ್ಥೆಗಳು ತಮ್ಮ ನೌಕರರ ಸಾಮೂಹಿಕ ವಿಮೆಯಲ್ಲಿ ಇದನ್ನು ಸೇರಿಸಿರುವುದುಂಟು. ಆದರೆ ಒಬ್ಬೊಬ್ಬರಾಗಿ ಕೊಳ್ಳಹೊರಟರೆ ಕಂತು ದುಬಾರಿ, ವಾರ್ಷಿಕ ಮಿತಿ ಚಿಕ್ಕದು. ಇದಕ್ಕೆ ಕಂಪನಿಗಳ ಜಿಪುಣತನವೊಂದೇ ಕಾರಣವಲ್ಲ, ಗಣಿತವೂ ಕಾರಣ.

ಸಾವಿರ ಕುಟುಂಬಗಳ ಪೈಕಿ 50ರಲ್ಲಿ ಒಬ್ಬೊಬ್ಬರಿಗೆ ಮನೋಚಿಕಿತ್ಸೆ ಬೇಕೆಂದಿಟ್ಟುಕೊಳ್ಳಿ. ಭೇಟಿಯೊಂದಕ್ಕೆ 1,000 ರೂಪಾಯಿಯಂತೆ ಹನ್ನೆರಡಕ್ಕೆ 12,000. ಐವತ್ತು ಮಂದಿಗೆ 6 ಲಕ್ಷ. ಸಾವಿರ ಕುಟುಂಬಗಳೂ ಸೇರಿದರೆ ತಲಾ 600 ರೂಪಾಯಿ ಸಾಕು. ಆದರೆ ಸೇರುವುದು ಐಚ್ಛಿಕವಾದಾಗ ಏನಾಗುತ್ತದೆ? ತನಗೆ ಈ ಚಿಕಿತ್ಸೆ ಬೇಕಾದೀತೆಂದು ಬಲ್ಲವನು ಸೇರುತ್ತಾನೆ. ಬೇಡವೆಂದುಕೊಂಡವನು ದೂರ ಉಳಿಯುತ್ತಾನೆ. ಬೇಕಾದ ಐವತ್ತು ಮಂದಿಯೂ, ಮುಂಜಾಗ್ರತೆಯ ಇನ್ನೈವತ್ತು ಮಂದಿಯೂ ಸೇರಿದರೆನ್ನೋಣ. 6 ಲಕ್ಷವನ್ನು ನೂರು ಮಂದಿ ಹಂಚಿಕೊಂಡರೆ ತಲಾ 6,000. ಇದನ್ನು ಕಂಡು ಮುಂಜಾಗ್ರತೆಯವರು ಹಿಂದೆ ಸರಿದರೆ ಕಂತು 12,000ಕ್ಕೆ ಏರುತ್ತದೆ. ಅಲ್ಲಿಗೆ ಕಂತೂ ಚಿಕಿತ್ಸೆಯ ವೆಚ್ಚವೂ ಒಂದೇ ಆಗಿ, ವಿಮೆಯೆಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ. ಮೇಲಿನ ಅಂಕಿಗಳು ವಿವರಣೆಗಾಗಿ ನಾವು ಇಟ್ಟುಕೊಂಡವು. ಆದರೆ ಅವು ತೋರಿಸುವ ಒಲವು ನಿಜವಾದದ್ದು. ಎಲ್ಲರೂ ಸೇರಿದರೆ ಹಗುರ, ಬೇಕಾದವರಷ್ಟೇ ಸೇರಿದರೆ ಭಾರ.

ಇದರಿಂದ ಹೊರಡುವ ತೀರ್ಮಾನ ಸ್ಪಷ್ಟ. ಮನೋಚಿಕಿತ್ಸೆಯಂಥ ಚಿಕಿತ್ಸೆಯ ಹೊರೆಯನ್ನು ಹೊರಬಲ್ಲದ್ದು ಎಲ್ಲರನ್ನೂ ಒಳಗೊಂಡ ಸಾರ್ವಜನಿಕ ವ್ಯವಸ್ಥೆಯೇ. ಅಂಥದು ನಮ್ಮಲ್ಲಿ ಎಷ್ಟರಮಟ್ಟಿಗೆ ಇದೆ?

ಸಾರ್ವಜನಿಕ ವ್ಯವಸ್ಥೆಗಳು

ಮೊದಲನೆಯದು, 2018ರಲ್ಲಿ ಕೇಂದ್ರದ ಯೋಜನೆಯೊಡನೆ ಸೇರಿಸಿ ರೂಪಿಸಿದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ಇದರಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಇತರರಿಗೆ ನಿಗದಿಯಾದ ದರದ ಶೇಕಡ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಆದರೆ ಇದು ಕೂಡ ಒಳರೋಗಿಗಳ ಯೋಜನೆ. ವಾರದ ಭೇಟಿಗಳು ಇದರ ವ್ಯಾಪ್ತಿಗೆ ಬಾರವು.

ಎರಡನೆಯದು, 1948ರ ಶಾಸನದಿಂದ ಹುಟ್ಟಿದ ಕಾರ್ಮಿಕರ ರಾಜ್ಯವಿಮೆ, ಎಂದರೆ ಜನರ ಬಾಯಲ್ಲಿ ಇ.ಎಸ್.ಐ. ಇಲ್ಲಿ ಸೇರುವುದು ಕಡ್ಡಾಯ. 2019ರ ಜುಲೈಯಿಂದ ಕಾರ್ಮಿಕನ ವಂತಿಗೆ ವೇತನದ ಶೇಕಡ 0.75, ಮಾಲೀಕನದು ಶೇಕಡ 3.25. ಕಡ್ಡಾಯವಾದುದರಿಂದಲೇ ಇದು ಹೊರರೋಗಿ ಚಿಕಿತ್ಸೆಯನ್ನೂ ತಜ್ಞರ ಸಲಹೆಯನ್ನೂ ಕುಟುಂಬಕ್ಕೆಲ್ಲ ಒದಗಿಸಬಲ್ಲದು. ಮೇಲಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿ ತೀವ್ರ ಮಾನಸಿಕ ಕಾಯಿಲೆಗಳೂ ಸೇರಿದ್ದು, ಅಂಥ ಕಾರ್ಮಿಕನಿಗೆ ವೇತನದ ಶೇಕಡ 80ರಷ್ಟು ಭತ್ಯೆ ಎರಡು ವರ್ಷದವರೆಗೂ ದೊರೆಯುವ ಅವಕಾಶವಿದೆ. ಆದರೆ 1948ರ ಶಾಸನದಲ್ಲಿ ‘ಕಾರ್ಖಾನೆ’ ಎಂಬ ಪದದ ವ್ಯಾಖ್ಯೆಗೆ ಗಣಿಗಳು ಸೇರಿರಲಿಲ್ಲ. ಸಂಡೂರು ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಗಣಿಗಳಲ್ಲಿ ದುಡಿಯುವವರು ತಮಗಿರುವ ವೈದ್ಯಕೀಯ ಸೌಲಭ್ಯ ಯಾವುದೆಂದು ಸಂಸ್ಥೆಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು ಒಳಿತು.

ಮೂರನೆಯದು ವಿಮೆಯೇ ಅಲ್ಲ; ಆದರೂ ಎಲ್ಲಕ್ಕಿಂತ ಮುಖ್ಯವಾದುದು. ಅದರ ಇತಿಹಾಸ ಈ ಜಿಲ್ಲೆಯದೇ.

ಬಳ್ಳಾರಿಯ ಪ್ರಯೋಗ

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ಅದನ್ನು ಇಡೀ ಜಿಲ್ಲೆಯೊಂದರಲ್ಲಿ ನಡೆಸಿ ನೋಡಬೇಕೆಂದು ನಿಮ್ಹಾನ್ಸ್ ಸಂಸ್ಥೆಯು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಪ್ರಯೋಗ ನಡೆಯಿತು. ಸಂಡೂರು, ಹೊಸಪೇಟೆ, ಕಂಪ್ಲಿಗಳೆಲ್ಲ ಆಗ ಇದೇ ಜಿಲ್ಲೆಗೆ ಸೇರಿದ್ದವು. ಹೊಸಪೇಟೆಯು ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾದದ್ದು 2021ರಲ್ಲಿ.

ಪ್ರಯೋಗದ ತಿರುಳು ಸರಳವಾದುದು. ರೋಗಿಯು ದೂರದ ಬೆಂಗಳೂರಿಗೆ ಹೋಗುವುದರ ಬದಲು ಚಿಕಿತ್ಸೆಯೇ ರೋಗಿಯ ಊರಿನ ಬಳಿಗೆ ಬರಬೇಕು. ಇದಕ್ಕಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅಲ್ಪಾವಧಿಯ ತರಬೇತಿ ಕೊಡಲಾಯಿತು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಲಕ್ಷಣಗಳನ್ನು ಗುರುತಿಸಲು ಕಲಿಸಲಾಯಿತು. ಅತ್ಯಗತ್ಯವಾದ ಕೆಲವೇ ಔಷಧಗಳನ್ನು ಕೇಂದ್ರಗಳಲ್ಲಿ ಇರಿಸಲಾಯಿತು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ತಂಡವೊಂದು ಮೇಲ್ವಿಚಾರಣೆಗೆ ನಿಂತಿತು. ಈ ಮಾದರಿಯನ್ನೇ ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ ನಾಲ್ಕು ಜಿಲ್ಲೆಗಳಲ್ಲಿ ಮೊದಲಾಗಿ ಆಮೇಲೆ ಎಲ್ಲೆಡೆ ಹರಡಿತು. ‘ಬಳ್ಳಾರಿ ಮಾದರಿ’ ಎಂಬ ಹೆಸರು ಮನೋವೈದ್ಯಶಾಸ್ತ್ರದಲ್ಲಿ ಸ್ಥಿರವಾಗಿ ನಿಂತಿದೆ.

ಈ ಮಾದರಿಗೊಂದು ಕೊರತೆಯುಂಟು. ಅದು ಹಳ್ಳಿಗೆ ತಲುಪಿಸಿದ್ದು ಮುಖ್ಯವಾಗಿ ಮಾತ್ರೆಯನ್ನು. ಚೀಟಿಯ ಎರಡನೆಯ ಸಾಲನ್ನಲ್ಲ. ತಜ್ಞರೇ ವಿರಳವಾಗಿರುವಾಗ ಹನ್ನೆರಡು ಗಂಟೆ ಕುಳಿತು ಮಾತಾಡುವವರನ್ನು ಎಲ್ಲಿಂದ ತರುವುದು? ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಸಂಶೋಧನೆಯೊಂದು ಇದಕ್ಕೆ ದಾರಿ ತೋರಿಸಿತು. ಅಲ್ಲಿ ತಜ್ಞರಲ್ಲದ, ಆದರೆ ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಖಿನ್ನತೆಯ ರೋಗಿಗಳಿಗೆ ಆರರಿಂದ ಎಂಟು ಭೇಟಿಗಳ ಕಿರು ಮನೋಚಿಕಿತ್ಸೆ ನೀಡಿದರು. ಮೂರು ತಿಂಗಳ ನಂತರ ಇವರಲ್ಲಿ ಶೇಕಡ 64 ಮಂದಿ ಕಾಯಿಲೆಯಿಂದ ಬಿಡುಗಡೆ ಹೊಂದಿದ್ದರು. ಈ ಚಿಕಿತ್ಸೆಯಿಲ್ಲದವರಲ್ಲಿ ಶೇಕಡ 39. ಪತ್ರಿಕೆಗಳಲ್ಲಿ ಪ್ರತಿಷ್ಠಿತವಾದ ‘ಲ್ಯಾನ್ಸೆಟ್’ 2017ರಲ್ಲಿ ಇದನ್ನು ಪ್ರಕಟಿಸಿತು. ಬಳ್ಳಾರಿಯ ಜಾಲಕ್ಕೆ ಗೋವೆಯ ವಿಧಾನವನ್ನು ಜೋಡಿಸಿದರೆ ಎರಡನೆಯ ಸಾಲೂ ಹಳ್ಳಿಯನ್ನು ತಲುಪಬಲ್ಲದು.

ಇಂದು ಮಾಡಬಹುದಾದುದೇನು?

ಬಡತನದ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತವಾಗಿರಬೇಕೆಂದು 2017ರ ಅಧಿನಿಯಮದ 18ನೆಯ ಪ್ರಕರಣ ವಿಧಿಸುತ್ತದೆ. ಕನಿಷ್ಠ ಸೇವೆಗಳು ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲಿ ಇಲ್ಲದಿದ್ದರೆ, ಅದೇ ಜಿಲ್ಲೆಯ ಬೇರೆ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕೂ, ಅದರ ವೆಚ್ಚವನ್ನು ಸರ್ಕಾರವೇ ಭರಿಸಬೇಕೆಂಬ ನಿಯಮವೂ ಅಲ್ಲಿಯೇ ಇವೆ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ‘ಮನೋಚೈತನ್ಯ’ ಕಾರ್ಯಕ್ರಮದ ಉದ್ದೇಶ, ಮಂಗಳವಾರಗಳಂದು ಮನೋವೈದ್ಯರ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಒದಗಿಸುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲಿಯೂ, ಉಚಿತವಾಗಿ ಸಲಹೆ ದೊರೆಯುತ್ತದೆ. ನಮ್ಮ ವಿದ್ಯಾರ್ಥಿನಿ ಮೊದಲು ತಟ್ಟಬೇಕಾದ ಬಾಗಿಲುಗಳು ಇವೇ.

ಮನೆಯಲ್ಲಿ ವಿಮಾ ಪಾಲಿಸಿಯಿದ್ದರೆ ಅದನ್ನು ತೆರೆದು ಈ ಅಂಶಗಳನ್ನು ನೋಡಬೇಕು:

1. ಹೊರರೋಗಿ ಚಿಕಿತ್ಸೆಗೆ ರಕ್ಷಣೆಯಿದೆಯೆ? ಇದ್ದರೆ ವಾರ್ಷಿಕ ಮಿತಿ ಎಷ್ಟು? ಮನೋಚಿಕಿತ್ಸೆಯ ಹೆಸರು ಅದರಲ್ಲಿದೆಯೆ?

2. ಬಿಡುಗಡೆಯ ನಂತರದ ವೆಚ್ಚಕ್ಕೆ ಎಷ್ಟು ದಿನ ಅವಕಾಶವಿದೆ?

3. ಕಾಯುವ ಅವಧಿ ಎಷ್ಟು? ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಗೆ ಇದು 36 ತಿಂಗಳನ್ನು ಮೀರಬಾರದೆಂದು 2024ರಲ್ಲಿ ನಿಯಮವಾಗಿದೆ. ಇದ್ದ ಕಾಯಿಲೆಯನ್ನು ಅರ್ಜಿಯಲ್ಲಿ ಮರೆಮಾಚಬಾರದು. ಮರೆಮಾಚಿದ್ದೇ ಮುಂದೆ ಹಣ ನಿರಾಕರಿಸಲು ಕಾರಣವಾಗುತ್ತದೆ.

4. ಹೊರಗಿಟ್ಟ ಚಿಕಿತ್ಸೆಗಳು ಯಾವುವು? ಮದ್ಯ, ಮಾದಕವಸ್ತುಗಳಿಂದಾದ ಮಾನಸಿಕ ಸ್ಥಿತಿಗಳನ್ನು ಅಧಿನಿಯಮವು ಮಾನಸಿಕ ಕಾಯಿಲೆಯೆಂದೇ ಎಣಿಸಿದ್ದರೂ ಅನೇಕ ಪಾಲಿಸಿಗಳು ಅವನ್ನು ಹೊರಗಿಟ್ಟಿವೆ.

5. ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರೆ? ವೈದ್ಯರ ಚೀಟಿ, ಕಾಯಿಲೆಯ ಹೆಸರು, ದಿನಾಂಕ, ನೋಂದಣಿ ಸಂಖ್ಯೆ ಇರುವ ರಸೀದಿಗಳನ್ನು ಜೋಪಾನವಾಗಿಡಬೇಕು.

ಕಂಪನಿಯು ಹಣ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಕಾನೂನು ಬಾಗಿಲನ್ನು ತೆರೆದಿದೆ, ಆದರೆ ಆ ಬಾಗಿಲು ಹಾಸಿಗೆಯ ಅಳತೆಯದು. ಮಾತಿನಿಂದ ಗುಣವಾಗುವವರಿಗೆ ತಕ್ಕ ಅಳತೆಯ ಬಾಗಿಲನ್ನು ಮಾಡಬೇಕಾದ ಕೆಲಸ ಇನ್ನೂ ಉಳಿದಿದೆ. ಸಾವಿರ ಮನೆಗಳು ತಲಾ ಆರುನೂರು ರೂಪಾಯಿ ಕೊಟ್ಟರೆ ಐವತ್ತು ಮಂದಿ ಗುಣವಾಗುವ ದಾರಿ ತೆರೆಯುವುದೆಂಬ ಲೆಕ್ಕ ಕಠಿಣವಾದುದಲ್ಲ. ಆ ಐವತ್ತರಲ್ಲಿ ತನ್ನ ಮನೆಯೂ ಒಂದಾಗಬಹುದೆಂಬ ಅರಿವು ಉಳಿದ ಒಂಬೈನೂರೈವತ್ತು ಮನೆಗಳಿಗೆ ಬರಬೇಕು, ಅಷ್ಟೆ.

ವಿಚಾರಕ್ಕೆ ಪ್ರಶ್ನೆಗಳು

1. ಹತ್ತು ಸಾವಿರ ಕುಟುಂಬಗಳಲ್ಲಿ ಸರಾಸರಿ 200 ಮಂದಿ ಆಸ್ಪತ್ರೆ ಸೇರುವುದಾದರೆ ಏರಿಳಿತ ಶೇಕಡ ಎಷ್ಟು?

2. ಮೇಲಿನ ಉದಾಹರಣೆಯಲ್ಲಿ ಭೇಟಿಗಳನ್ನು ಹನ್ನೆರಡರಿಂದ ಎಂಟಕ್ಕೆ ಇಳಿಸಿದರೆ, ಸಾವಿರ ಕುಟುಂಬಗಳೂ ಸೇರಿದಾಗ ತಲಾ ಕಂತು ಎಷ್ಟಾಗುತ್ತದೆ?

3. ‘ಅದೇ ಆಧಾರದ ಮೇಲೆ’ ಎಂಬ ಮಾತು ಮನೋಚಿಕಿತ್ಸೆಗೂ ನಿಜವಾಗಿ ಸಲ್ಲಬೇಕಾದರೆ ವಿಮೆಯ ನಿಯಮಗಳಲ್ಲಿ ಯಾವ ಬದಲಾವಣೆ ಆಗಬೇಕು?